ಸೋರುವ ಹೀಟರ್ ಕಾಯಿಲನ್ನು ಮಳೆಗಾಲದ ಮಟ್ಟಿಗೆ ಬದಿಗಿಟ್ಟದ್ದು

ಕಳೆದ ವರ್ಷ ಜುಲೈ ತಿಂಗಳಲ್ಲಿ ಅಮ್ಮನನ್ನು ಕರೆದುಕೊಂಡು ತೀರ್ಥಹಳ್ಳಿಯಿಂದ ಉಡುಪಿಗೆ ಹೊರಟಿದ್ದೆ. ಆಗುಂಬೆಗೆ ಇನ್ನು ನಾಲ್ಕೈದು ಕಿಲೋಮೀಟರ್ ಇದೆ ಎನ್ನುವಾಗ ಕಾರಿನ ಮುಂದಿನ ಗಾಜು ಒಳಗಡೆಯಿಂದ ಮಸುಕಾಗತೊಡಗಿತು. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರಿನ ದಾರಿಯಲ್ಲಿ ಜುಲೈಯಲ್ಲಿ ಗಾಜು ಮಸುಕಾಗುವುದು ಹೊಸತೇನಲ್ಲ. ಎಂದಿನಂತೆ ಹೀಟರ್ ಹಾಕಿ ಬ್ಲೋವರಿನ ಗಾಳಿಯನ್ನು ಗಾಜಿನತ್ತ ತಿರುಗಿಸಿದೆ. ಮಸುಕು ತಿಳಿಯಾಗುವ ಬದಲು ಇನ್ನಷ್ಟು ದಟ್ಟವಾಯಿತು. ಬಟ್ಟೆಯಿಂದ ಒರೆಸಿದರೆ ನೀರಿನ ಹನಿಗಳು ಹೋಗುವಂತೆ ಹೋಗದೆ, ಎಣ್ಣೆ ಸವರಿದ ಹಾಗೆ ಗಾಜಿನ ತುಂಬ ಹರಡಿಕೊಂಡಿತು. ಅದರ ಜೊತೆಗೆ ಒಂದು ಬಗೆಯ ಸಿಹಿ ವಾಸನೆ, ಆರಿದ ಬೆಲ್ಲದ ಪಾಕದಂಥದ್ದು. ಅಷ್ಟರಲ್ಲಿ ಪಕ್ಕದಲ್ಲಿ ಕುಳಿತಿದ್ದ ಅಮ್ಮ, "ಮಳೆನೀರು ಒಳಗೆ ಬರ್ತಾ ಇದೆಯಾ ಹೇಗೆ ಮಗಾ? ಕಾಲಡಿ ಒದ್ದೆಯಾಗಿದೆ. ಆದರೆ ನೀರು ಬೆಚ್ಚಗಿದೆಯಲ್ಲ?" ಎಂದರು.

ಮಳೆಯ ನೀರು ಬೆಚ್ಚಗಿರುವುದಿಲ್ಲ. ಕಾರನ್ನು ಬದಿಗೆ ನಿಲ್ಲಿಸಿ ಇಂಜಿನ್ ಆರಿಸಿದೆ. ಬಾನೆಟ್ ಎತ್ತಿದರೆ ಕೂಲೆಂಟಿನ, ಅಂದರೆ ಇಂಜಿನ್ನನ್ನು ತಣಿಸುವ ದ್ರವದ, ಬಿಳಿ ಡಬ್ಬಿ ತಳಮುಟ್ಟ ಖಾಲಿಯಾಗಿತ್ತು, ಆದರೆ ಇಂಜಿನ್ನಿನ ಹೊರಗೆ ಎಲ್ಲಿಯೂ ಸೋರಿಕೆಯ ಗುರುತಿರಲಿಲ್ಲ. ಅಲ್ಲಿಗೆ ಸಂಗತಿ ಬಹುಮಟ್ಟಿಗೆ ಸ್ಪಷ್ಟವಾಯಿತು: ಡ್ಯಾಶ್‌ಬೋರ್ಡಿನ ಒಳಗಿರುವ ಹೀಟರ್ ಕೋರ್, ನಮ್ಮ ಗ್ಯಾರೇಜುಗಳ ಮಾತಿನಲ್ಲಿ ಹೀಟರ್ ಕಾಯಿಲ್, ತೂತಾಗಿತ್ತು. ಒಂದು ಗಂಟೆಗೂ ಹೆಚ್ಚು ಕಾದು, ಇಂಜಿನ್ ಪೂರ್ತಿ ತಣಿದ ಮೇಲೆ ರೇಡಿಯೇಟರಿನ ಮುಚ್ಚಳ ತೆಗೆದು, ಕುಡಿಯಲು ಇಟ್ಟುಕೊಂಡಿದ್ದ ನೀರನ್ನೆಲ್ಲ ಅದಕ್ಕೆ ಹೊಯ್ದು, ಹದಿನಾಲ್ಕು ಹೇರ್‌ಪಿನ್ ತಿರುವುಗಳ ಆ ಘಾಟಿಯನ್ನು ಇಳಿಯುವ ಯೋಚನೆಯನ್ನು ಬಿಟ್ಟು, ನಿಧಾನವಾಗಿ ಹಿಂದಿರುಗಿದೆವು. ಗಾಜಿನಾಚೆ ದಾರಿ ಕಾಣದ ಕಾರಿನಲ್ಲಿ ಆಗುಂಬೆ ಇಳಿಯುವುದು ಯಾವ ಕೆಲಸಕ್ಕೂ ಯೋಗ್ಯವಾದ ಸಾಹಸವಲ್ಲ.

ಕಾರು 2001ರ ಮಾರುತಿ ಝೆನ್. ಅಪ್ಪ ಕೊಂಡದ್ದು. 993 ಸಿ.ಸಿ.ಯ ಅದರ ನಾಲ್ಕು ಸಿಲಿಂಡರಿನ ಇಂಜಿನ್ ಪೂರ್ತಿ ಅಲ್ಯೂಮಿನಿಯಂ. ಹಗುರವಾದದ್ದು, ಚುರುಕಾದದ್ದು, ಆದರೆ ನೀರಿಲ್ಲದೆ ಒಮ್ಮೆ ಅತಿಯಾಗಿ ಕಾದರೆ ಹೆಡ್, ಅಂದರೆ ಸಿಲಿಂಡರುಗಳನ್ನು ಮೇಲಿನಿಂದ ಮುಚ್ಚುವ ಭಾಗ, ಬಾಗುವ ಸ್ವಭಾವದ್ದು. 2006ರಲ್ಲಿ ಆ ಹಳೆಯ ಝೆನ್ ತಯಾರಿಕೆ ನಿಂತುಹೋಯಿತು. 15 ವರ್ಷ ಮುಗಿದ ಮೇಲೆ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಿಕೊಳ್ಳುತ್ತ ಈ ಕಾರನ್ನು ಉಳಿಸಿಕೊಂಡಿರುವುದು ನನ್ನ ಇಷ್ಟದಿಂದ, ಆದ್ದರಿಂದ ಅದರ ಹೊಣೆಯೂ ನನ್ನದೇ.

ಹೀಟರ್ ಕಾಯಿಲಿನದ್ದೇ ಸೋರಿಕೆ ಎಂದು ನಿರ್ಧರಿಸುವ ಮೊದಲು ಇನ್ನೆರಡು ಸಾಧ್ಯತೆಗಳನ್ನು ಪರೀಕ್ಷಿಸಬೇಕು, ಏಕೆಂದರೆ ಕಾಲಡಿಯ ಕಾರ್ಪೆಟ್ ಒದ್ದೆಯಾದ ಕಾರಣಕ್ಕೆ ಒಳ್ಳೆಯ ಹೀಟರ್ ಕಾಯಿಲನ್ನು ಬಿಚ್ಚಿಸಿಕೊಂಡವರನ್ನು ನಾನು ನೋಡಿದ್ದೇನೆ. ಎ.ಸಿ.ಯ ಕೂಲಿಂಗ್ ಕಾಯಿಲ್ ಮೇಲೆ ಸೇರುವ ತೇವವು ಒಂದು ಸಣ್ಣ ರಬ್ಬರ್ ಕೊಳವೆಯ ಮೂಲಕ ರಸ್ತೆಗೆ ತೊಟ್ಟಿಕ್ಕಬೇಕು. ಆ ಕೊಳವೆ ಧೂಳಿನಿಂದಲೋ ಎಲೆಚೂರಿನಿಂದಲೋ ಕಟ್ಟಿಕೊಂಡರೆ ಅದೇ ನೀರು ಒಳಗೆ ಸುರಿಯುತ್ತದೆ. ಆ ನೀರು ತಣ್ಣಗಿರುತ್ತದೆ, ಬಣ್ಣ ವಾಸನೆಗಳಿರುವುದಿಲ್ಲ, ಎ.ಸಿ. ಹಾಕಿದಾಗ ಮಾತ್ರ ಬರುತ್ತದೆ. ಇನ್ನೊಂದು, ಗಾಜಿನ ಬುಡದ ಸಂದಿಯಿಂದ ಬರುವ ಮಳೆನೀರು. ಕಾರ್ಪೆಟ್ಟಿನ ಕೆಳಗೆ ಬಿಳಿಯ ಕಾಗದವನ್ನು ಒತ್ತಿ ತೆಗೆದು ನೋಡಿದರೆ ಉತ್ತರ ಸಿಗುತ್ತದೆ: ನಮ್ಮ ಕಾರಿನಲ್ಲಿ ಕಾಗದಕ್ಕೆ ಮಂಕಾದ ಹಸಿರು ಬಣ್ಣ ಹತ್ತಿತು, ಬೆರಳಿಗೆ ಜಿಡ್ಡು ಹತ್ತಿತು. ಕೆಲವು ಗ್ಯಾರೇಜುಗಳಲ್ಲಿ ಬೆರಳಿಗೆ ಹತ್ತಿದ್ದನ್ನು ನಾಲಿಗೆಗೆ ಮುಟ್ಟಿಸಿ ರುಚಿ ನೋಡಿ ಹೇಳುವ ರೂಢಿಯಿದೆ. ದಯವಿಟ್ಟು ಯಾರೂ ಹಾಗೆ ಮಾಡಬಾರದು. ಕೂಲೆಂಟಿನ ಸಿಹಿ ಎಥಿಲೀನ್ ಗ್ಲೈಕಾಲಿನದು, ಅದು ವಿಷ. ಅದರ ವಿಚಾರ ಮುಂದೆ ಬರುತ್ತದೆ.

ತೀರ್ಥಹಳ್ಳಿಯಲ್ಲಿ ನಮ್ಮ ಕಾರನ್ನು ಹಲವು ವರ್ಷಗಳಿಂದ ನೋಡಿಕೊಳ್ಳುವ ಮೆಕ್ಯಾನಿಕ್ ರೇಡಿಯೇಟರಿನ ಬಾಯಿಗೆ ಕೈಪಂಪ್ ಸಿಕ್ಕಿಸಿ ಮುಚ್ಚಳದ ಮೇಲೆ ಬರೆದಿದ್ದ 0.9 ಬಾರ್‌ನಷ್ಟು ಒತ್ತಡ ಕೊಟ್ಟರು. ಪಂಪಿನ ಒತ್ತಡ ತೋರಿಸುವ ಮುಳ್ಳು ನಿಲ್ಲದೆ ಇಳಿಯಿತು, ಕಾರಿನ ಒಳಗೆ ಎಡಗಡೆಯ ಕಾಲಿಡುವ ಜಾಗದಲ್ಲಿ ಹನಿಗಳು ಬಿದ್ದವು. ಅವರ ತೀರ್ಮಾನವೂ ಅದೇ ಆಯಿತು. "ಕಾಯಿಲ್ ಬದಲಾಯಿಸೋಣ ಮಾರಾಯ್ರೆ, ಅದಕ್ಕೇನು. ಆದರೆ ಡ್ಯಾಶ್‌ಬೋರ್ಡ್ ಪೂರ್ತಿ ಇಳಿಸಬೇಕು, ಎರಡು ದಿನದ ಕೆಲಸ. ಇಪ್ಪತ್ತು ವರ್ಷ ದಾಟಿದ ಪ್ಲಾಸ್ಟಿಕ್ಕು, ಮುಟ್ಟಿದರೆ ಮುರಿಯುತ್ತೆ. ಪಾರ್ಟ್ ಕೈಗೆ ಬಂದ ಮೇಲೆ ಬಿಚ್ಚುವುದು ಒಳ್ಳೆಯದು" ಎಂದರು. ಪಾರ್ಟ್ ಶಿವಮೊಗ್ಗದ ಅಂಗಡಿಗಳಲ್ಲಿ ಇರಲಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಬೇಕಿತ್ತು. ಅಲ್ಲಿಯವರೆಗೆ ಕಾರನ್ನು ನಿಲ್ಲಿಸಿಬಿಡುವುದೋ, ಹೀಟರಿಗೆ ಹೋಗುವ ದಾರಿಯನ್ನು ತಪ್ಪಿಸಿ ಓಡಿಸುವುದೋ ಎನ್ನುವುದಷ್ಟೇ ನಮ್ಮ ಮುಂದಿದ್ದ ಪ್ರಶ್ನೆ.

ಈ ದಾರಿ ತಪ್ಪಿಸುವ ಕೆಲಸ ಏನು ಎಂದು ತಿಳಿಯಲು ಕಾರಿನ ಹೀಟರ್ ಹೇಗೆ ಕೆಲಸ ಮಾಡುತ್ತದೆ ಎಂಬುದು ಗೊತ್ತಿರಬೇಕು. ಅದು ಮನೆಯ ಹೀಟರಿನಂತೆ ವಿದ್ಯುತ್ತಿನಿಂದ ಕಾಯುವ ವಸ್ತುವಲ್ಲ. ಇಂಜಿನ್ನಿನಲ್ಲಿ ಸುತ್ತಿ ಕಾದ ನೀರಿನ ಒಂದು ಪಾಲು, ಬೆರಳು ಗಾತ್ರದ ಒಂದು ರಬ್ಬರ್ ಹೋಸಿನ ಮೂಲಕ ಬಾನೆಟ್ಟಿನ ಹಿಂಬದಿಯ ತಗಡಿನ ಗೋಡೆಯನ್ನು ದಾಟಿ, ಡ್ಯಾಶ್‌ಬೋರ್ಡಿನ ಒಳಗಿರುವ ಅಂಗೈಯಗಲದ ಪುಟ್ಟ ರೇಡಿಯೇಟರಿಗೆ ಹೋಗುತ್ತದೆ. ಬ್ಲೋವರಿನ ಗಾಳಿ ಅದರ ರೆಕ್ಕೆಗಳ ನಡುವೆ ಹಾದು ಬಿಸಿಯಾಗಿ ನಮ್ಮ ಕಡೆಗೆ ಬರುತ್ತದೆ. ಶಾಖ ಕಳೆದುಕೊಂಡ ನೀರು ಇನ್ನೊಂದು ಹೋಸಿನ ಮೂಲಕ ವಾಟರ್ ಪಂಪಿನ ಬಾಯಿಗೆ ಹಿಂದಿರುಗುತ್ತದೆ. ಆ ಪುಟ್ಟ ರೇಡಿಯೇಟರೇ ಹೀಟರ್ ಕಾಯಿಲ್. ಅದು ಸೋರಿದರೆ, ಕಾರಿನ ಹೊರಗೆ ಚೆಲ್ಲಬೇಕಾದ ಕೂಲೆಂಟ್ ಒಳಗೆ ಚೆಲ್ಲುತ್ತದೆ, ಅದರ ಹಬೆ ಗಾಜಿನ ಮೇಲೆ ಜಿಡ್ಡಾಗಿ ಕೂರುತ್ತದೆ.

ಹೀಗಿರುವಾಗ ಜನ ಸಾಮಾನ್ಯವಾಗಿ ಮಾಡುವ ಮೊದಲ ಕೆಲಸ ರೇಡಿಯೇಟರಿಗೆ ಅರಿಶಿನದ ಪುಡಿ ಹಾಕುವುದು. ಲಾರಿಗಳ ಕಾಲದಿಂದ ಬಂದ ಉಪಾಯ ಇದು. ಪುಡಿ ನೀರಿನಲ್ಲಿ ಉಬ್ಬಿ, ಸೂಜಿಮೊನೆಯಷ್ಟು ತೂತಿದ್ದರೆ ಅದರಲ್ಲಿ ಸಿಕ್ಕಿಕೊಂಡು, ಒಮ್ಮೊಮ್ಮೆ ಸೋರಿಕೆ ನಿಲ್ಲುವುದೂ ನಿಜ. ನಡುರಾತ್ರಿ ನಿರ್ಜನ ಘಾಟಿಯಲ್ಲಿ ಸಿಕ್ಕಿಬಿದ್ದು ಮೂವತ್ತು ಕಿಲೋಮೀಟರ್ ಹೇಗಾದರೂ ಹೋಗಬೇಕಾದವರು ಹಾಕಿದರೆ ನಾನು ತಪ್ಪೆನ್ನುವುದಿಲ್ಲ. ಆದರೆ ಅರಿಶಿನಕ್ಕೆ ತೂತು ಯಾವುದು, ದಾರಿ ಯಾವುದು ಎಂಬುದು ಗೊತ್ತಾಗುವುದಿಲ್ಲ. ಹೀಟರ್ ಕಾಯಿಲಿನ ಕೊಳವೆಗಳು, ದೊಡ್ಡ ರೇಡಿಯೇಟರಿನ ಕೊಳವೆಗಳು ಎಲ್ಲವೂ ಕಿರಿದಾದವು. ಕೆಸರಾಗಿ ಕೂತದ್ದು ಅಲ್ಲಿಯೇ ಗಟ್ಟಿಯಾಗುತ್ತದೆ, ಇಂಜಿನ್ ಮುಂದಿನ ಬೇಸಿಗೆಯಲ್ಲಿ ಕಾಯತೊಡಗುತ್ತದೆ. ಡಬ್ಬಿಯಲ್ಲಿ ಸಿಗುವ ಸೋರಿಕೆ ನಿಲ್ಲಿಸುವ ದ್ರಾವಣಗಳ ಬಗ್ಗೆಯೂ ನನ್ನ ಅಭಿಪ್ರಾಯ ಇದೇ.

ಇನ್ನೊಂದು ಪದ್ಧತಿ, ಇಂಜಿನ್ನಿನಿಂದ ಹೊರಡುವ ಬಾಯಿಗೂ ಪಂಪಿಗೆ ಹಿಂದಿರುಗುವ ಬಾಯಿಗೂ ಬಿರಡೆ ಹಾಕಿ ಎರಡನ್ನೂ ಮುಚ್ಚಿಬಿಡುವುದು. ಕೆಲವು ಕಾರುಗಳಿಗೆ ಇದರಿಂದ ತೊಂದರೆಯಿಲ್ಲ. ಆದರೆ ಥರ್ಮೋಸ್ಟಾಟ್ ಮುಚ್ಚಿರುವಾಗ, ಅಂದರೆ ನೀರು ಇನ್ನೂ ಸುಮಾರು 82 ಅಥವಾ 88 ಡಿಗ್ರಿಯಷ್ಟು ಕಾಯದೆ ದೊಡ್ಡ ರೇಡಿಯೇಟರಿನ ದಾರಿ ತೆರೆಯದೆ ಇರುವಾಗ, ಹಲವು ಇಂಜಿನ್ನುಗಳಲ್ಲಿ ನೀರು ಸುತ್ತುವುದಕ್ಕೆ ಇರುವ ಮುಖ್ಯ ದಾರಿ ಹೀಟರಿನದೇ. ಅದನ್ನು ಮುಚ್ಚಿದರೆ ಪಂಪ್ ತಿರುಗಿದರೂ ನೀರು ಸರಿಯಾಗಿ ಚಲಿಸದೆ, ಹೆಡ್ಡಿನ ಒಂದು ಮೂಲೆ ಕುದಿಯುತ್ತಿದ್ದರೂ ಥರ್ಮೋಸ್ಟಾಟಿನ ಬಳಿಯ ನೀರು ತಣ್ಣಗೇ ಇರಬಹುದು. ನಿಮ್ಮ ಕಾರು ಯಾವ ಬಗೆಯದು ಎಂಬುದು ಖಚಿತವಿಲ್ಲದಿದ್ದರೆ ಮುಚ್ಚುವ ಬದಲು ಜೋಡಿಸುವುದೇ ಸುರಕ್ಷಿತ: ಹೋಗುವ ಹೋಸನ್ನೂ ಬರುವ ಹೋಸನ್ನೂ ಕಾಯಿಲಿಗೆ ಮೊದಲೇ ಒಂದಕ್ಕೊಂದು ಸೇರಿಸಿ, ನೀರು ಎಂದಿನಂತೆ ಸುತ್ತುತ್ತಿರಲು ಬಿಟ್ಟು, ಡ್ಯಾಶ್‌ಬೋರ್ಡಿನ ಒಳಕ್ಕೆ ಮಾತ್ರ ಹೋಗದಂತೆ ಮಾಡುವುದು. ನಾವು ಆರಿಸಿಕೊಂಡದ್ದು ಇದನ್ನೇ.

ಕೆಲಸ ದೊಡ್ಡದಲ್ಲ, ಒಂದೂವರೆ ಗಂಟೆಯದು. ಅದರಲ್ಲಿ ಹೆಚ್ಚಿನ ಹೊತ್ತು ಹೋದದ್ದು ಹಳೆಯ ಹೋಸುಗಳನ್ನು ಬಿಡಿಸುವುದರಲ್ಲಿ. ಇಂಜಿನ್ ಹಿಂದಿನ ರಾತ್ರಿಯಿಂದ ತಣಿದಿತ್ತು. ಬಿಸಿ ಇಂಜಿನ್ನಿನ ರೇಡಿಯೇಟರ್ ಮುಚ್ಚಳ ತೆರೆದು ಮುಖ ಸುಟ್ಟುಕೊಂಡವರು ಪ್ರತಿ ಊರಿನಲ್ಲೂ ಇರುತ್ತಾರೆ, ಆದ್ದರಿಂದ ಈ ಮಾತನ್ನು ಹೇಳದೆ ಮುಂದೆ ಹೋಗಲಾರೆ: ನೀರು ಮುಚ್ಚಳದ ಒತ್ತಡದ ಕೆಳಗೆ 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ, ಒತ್ತಡ ತೆಗೆದ ಕ್ಷಣದಲ್ಲಿ ಒಮ್ಮೆಲೇ ಕುದಿದು ಮೇಲಕ್ಕೆ ಚಿಮ್ಮುತ್ತದೆ. ಕೈಯಿಂದ ಮುಟ್ಟಿದರೆ ಮೇಲಿನ ದೊಡ್ಡ ಹೋಸ್ ತಣ್ಣಗಿರಬೇಕು, ಅದುಮಿದರೆ ಮೆತ್ತಗಿರಬೇಕು, ಆಮೇಲೆ ಮುಚ್ಚಳ.

ರೇಡಿಯೇಟರಿನ ಕೆಳಗಿನ ತಿರುಪಿನಿಂದ ಒಂದಿಷ್ಟು ನೀರನ್ನು ಅಗಲ ಬಾಯಿಯ ಬೋಗುಣಿಗೆ ಇಳಿಸಿ, ತಗಡಿನ ಗೋಡೆಯ ಬಳಿ ಕಾಯಿಲಿನ ಎರಡು ಲೋಹದ ಬಾಯಿಗಳಿಗೆ, ಅಂದರೆ ನಿಪ್ಪಲ್‌ಗಳಿಗೆ ಹಾಕಿದ್ದ ಹೋಸುಗಳನ್ನು ಗುರುತಿಸಿದೆವು. ಇಪ್ಪತ್ತು ವರ್ಷದ ರಬ್ಬರ್ ಲೋಹಕ್ಕೆ ಬೆಸೆದ ಹಾಗೆ ಕಚ್ಚಿಕೊಂಡಿರುತ್ತದೆ. ಇಕ್ಕಳ ಹಿಡಿದು ತಿರುಚಿದರೆ ತೆಳುವಾದ ನಿಪ್ಪಲ್ ಮುರಿಯಬಹುದು. ಕಾಯಿಲಿನ ಕಡೆಯದು ಮುರಿದರೆ ಚಿಂತೆಯಿಲ್ಲ, ಅದು ಹೇಗೂ ಹೋಗುವಂಥದ್ದು. ಇಂಜಿನ್ನಿನ ಕಡೆಯದು ಮುರಿದರೆ ಸಣ್ಣ ಕೆಲಸ ದೊಡ್ಡದಾಗುತ್ತದೆ. ಮೆಕ್ಯಾನಿಕ್ ಬ್ಲೇಡಿನಿಂದ ಹೋಸಿನ ತುದಿಯನ್ನು ಉದ್ದಕ್ಕೆ ಸೀಳಿ, ಬಾಳೆಹಣ್ಣಿನ ಸಿಪ್ಪೆ ಬಿಡಿಸುವಂತೆ ಬಿಡಿಸಿದರು. ಆ ಹೋಸುಗಳನ್ನು ಬೆರಳಿನಲ್ಲಿ ಅದುಮಿ ನೋಡಿದಾಗ ಸಣ್ಣ ಬಿರುಕುಗಳು ಬಾಯಿಬಿಟ್ಟವು, ಆದ್ದರಿಂದ ಅವನ್ನೇ ಜೋಡಿಸುವ ಯೋಚನೆ ಬಿಟ್ಟು, ಇಂಜಿನ್ನಿನ ಹೊರಬಾಯಿಯಿಂದ ಹಿಂದಿರುಗುವ ಬಾಯಿಗೆ ಒಂದೇ ತುಂಡು ಹೊಸ ಹೋಸ್ ಹಾಕುವುದೆಂದು ನಿರ್ಧರಿಸಿದೆವು. ಜೋಡಣೆಗಳು ಕಡಿಮೆಯಾದಷ್ಟೂ ಸೋರುವ ಜಾಗಗಳು ಕಡಿಮೆ.

ಹೋಸಿನ ಆಯ್ಕೆಯಲ್ಲಿ ರಾಜಿ ಮಾಡಿಕೊಳ್ಳಬಾರದು ಎಂಬುದು ನನ್ನ ಗಟ್ಟಿಯಾದ ನಂಬಿಕೆ. ತೋಟಕ್ಕೆ ನೀರು ಹಾಯಿಸುವ ಪಿ.ವಿ.ಸಿ. ಪೈಪು ಅಳತೆಗೆ ಸರಿಯಾಗಿ ಕೂರುತ್ತದೆ, ಮಲೆನಾಡಿನ ಪ್ರತಿ ಮನೆಯಲ್ಲೂ ಇರುತ್ತದೆ. ಆದರೆ 90 ಡಿಗ್ರಿಯ ನೀರು ಒತ್ತಡದಲ್ಲಿ ಹರಿದರೆ ಅದು ಮೆತ್ತಗಾಗಿ ಕ್ಲಿಪ್ಪಿನ ಕೆಳಗಿನಿಂದ ಕಳಚಿಕೊಳ್ಳುತ್ತದೆ. ಪೆಟ್ರೋಲ್ ಪೈಪೂ ಈ ಕೆಲಸದ್ದಲ್ಲ. ಬೇಕಾಗಿರುವುದು ಒಳಗೆ ದಾರದ ಹೆಣಿಗೆ ಇರುವ, ಇ.ಪಿ.ಡಿ.ಎಂ. ರಬ್ಬರಿನ ಹೀಟರ್ ಹೋಸ್. ಬಿಸಿ ನೀರನ್ನೂ ಗ್ಲೈಕಾಲನ್ನೂ ತಡೆದುಕೊಳ್ಳುವುದು ಅದರ ಗುಣ, ಎಣ್ಣೆ ತಗುಲಿದರೆ ಮಾತ್ರ ಅದು ಉಬ್ಬುತ್ತದೆ. ನಮ್ಮ ಕಾರಿನಲ್ಲಿ ಅಳೆದಾಗ ಎರಡೂ ಬಾಯಿಗಳು 16 ಮಿಲಿಮೀಟರಿನವು. ಕೆಲವು ಕಾರುಗಳಲ್ಲಿ ಒಂದು 16, ಇನ್ನೊಂದು 19 ಇರುತ್ತದೆ. ಅಲ್ಲಿ ಎರಡು ಅಳತೆಯ ಹಿತ್ತಾಳೆಯ ಜಾಯಿಂಟ್ ಬೇಕಾಗುತ್ತದೆ, ಸಣ್ಣ ಹೋಸನ್ನು ಹಿಗ್ಗಿಸಿ ತುರುಕಿದರೆ ನಿಲ್ಲುವುದಿಲ್ಲ.

ಹೊಸ ಹೋಸ್ ಬಾಗುವ ಕಡೆ ಮಡಚಿಕೊಳ್ಳದಂತೆ ಅಗಲವಾದ ತಿರುವು ಕೊಟ್ಟು, ಎಕ್ಸಾಸ್ಟ್, ಬೆಲ್ಟ್ ಮತ್ತು ಆಕ್ಸಿಲರೇಟರ್ ಕೇಬಲ್ ಮೂರರಿಂದಲೂ ದೂರವಿರಿಸಿ, ಎರಡು ಕಡೆ ಪಟ್ಟಿಯಿಂದ ಕಟ್ಟಿದೆವು. ತಿರುಪಿನ ಕ್ಲಿಪ್ಪನ್ನು ರಬ್ಬರ್ ಸೀಳುವಷ್ಟು ಬಿಗಿಯಬಾರದು. ಒಮ್ಮೆ ಇಂಜಿನ್ ಕಾದು ತಣಿದ ಮೇಲೆ ರಬ್ಬರ್ ಸ್ವಲ್ಪ ಕುಗ್ಗಿರುತ್ತದೆ, ಆಗ ಇನ್ನರ್ಧ ಸುತ್ತು ಬಿಗಿಯಬೇಕು. ಹೀಟರಿಗೆ ಹೋಗುವ ನೀರನ್ನು ತಡೆಯುವ ಕೇಬಲ್ ವಾಲ್ವ್ ಇರುವ ಕಾರುಗಳಲ್ಲಿ, ಅಂದರೆ ಹೀಟರಿನ ದಾರಿ ಮುಚ್ಚಿದರೂ ನೀರು ಸುತ್ತುವಂತೆ ರೂಪಿಸಿದ ಕಾರುಗಳಲ್ಲಿ, ಆ ವಾಲ್ವನ್ನು ಹೊಸ ದಾರಿಯಲ್ಲೂ ಉಳಿಸಿಕೊಂಡು, ಕಾರಿನ ತಯಾರಕರು ಉದ್ದೇಶಿಸಿದಂತೆ ಮುಚ್ಚಿಡುವುದು ಉತ್ತಮ. ಏಕೆಂದರೆ ತೆರೆದ ಜೋಡಣೆಯಲ್ಲಿ ಬಿಸಿನೀರಿನ ಒಂದು ಪಾಲು ಎಲ್ಲಿಯೂ ತಣಿಯದೆ ನೇರವಾಗಿ ಪಂಪಿಗೆ ಮರಳುತ್ತದೆ. ಸಮತಟ್ಟಿನ ರಸ್ತೆಯಲ್ಲಿ ಇದು ಲೆಕ್ಕಕ್ಕೆ ಬರುವುದಿಲ್ಲ, ಏಪ್ರಿಲ್ ತಿಂಗಳ ಮಧ್ಯಾಹ್ನ ತುಂಬಿದ ಕಾರಿನಲ್ಲಿ ಘಾಟಿ ಹತ್ತುವಾಗ ಬರಬಹುದು.

ಕಾಯಿಲಿನ ಒಳಗೆ ಉಳಿದಿದ್ದ ಕೂಲೆಂಟನ್ನು ಹಾಗೆಯೇ ಬಿಟ್ಟಿದ್ದರೆ ಅದು ವಾರಗಟ್ಟಲೆ ಕಾರ್ಪೆಟ್ಟಿನ ಮೇಲೆ ತೊಟ್ಟಿಕ್ಕುತ್ತಿತ್ತು. ಒಂದು ನಿಪ್ಪಲ್‌ಗೆ ಸೈಕಲ್ ಪಂಪಿನಿಂದ ಮೆಲ್ಲಗೆ ಗಾಳಿ ಕೊಟ್ಟು, ಇನ್ನೊಂದರಿಂದ ಹೊರಬಂದದ್ದನ್ನು ಬಾಟಲಿಗೆ ಹಿಡಿದು, ಎರಡೂ ಬಾಯಿಗಳಿಗೆ ರಬ್ಬರ್ ಮುಚ್ಚಳ ಹಾಕಿದೆವು. ಕೆಲವರು ಹೋಸಿಗೆ ಬಾಯಿಟ್ಟು ಊದುತ್ತಾರೆ. ಅದು ಬೇಡ.

ಇನ್ನು ಗಾಳಿ ತೆಗೆಯುವ ಕೆಲಸ. ನನ್ನ ದೃಷ್ಟಿಯಲ್ಲಿ ಇಡೀ ದುರಸ್ತಿಯಲ್ಲಿ ಎಲ್ಲರೂ ಅವಸರಪಡುವುದು ಇಲ್ಲಿಯೇ, ಇಂಜಿನ್ ಕೆಡುವುದೂ ಇಲ್ಲಿಯೇ. ಬಿಚ್ಚಿ ಜೋಡಿಸಿದ ವ್ಯವಸ್ಥೆಯಲ್ಲಿ ಗಾಳಿಯ ಗುಳ್ಳೆ ಉಳಿದು, ಅದು ಹೆಡ್ಡಿನ ಮೇಲ್ಭಾಗದಲ್ಲಿ ಹೋಗಿ ನಿಂತರೆ, ಅಲ್ಲಿ ನೀರು ಮುಟ್ಟುವುದಿಲ್ಲ. ಹೆದರಬೇಕಾದ ಇನ್ನೊಂದು ಸಂಗತಿಯೂ ಇದೆ: ಉಷ್ಣತೆ ತೋರಿಸುವ ಮುಳ್ಳಿನ ಸೆನ್ಸರ್ ನೀರಿನಲ್ಲಿ ಮುಳುಗಿದ್ದರೆ ಮಾತ್ರ ಸತ್ಯ ಹೇಳುತ್ತದೆ. ನೀರು ಅದಕ್ಕಿಂತ ಕೆಳಗಿಳಿದರೆ ಇಂಜಿನ್ ಕುದಿಯುತ್ತಿರುವಾಗಲೂ ಮುಳ್ಳು ತಣ್ಣಗೆ ಕೂತಿರಬಹುದು. "ಮುಳ್ಳು ಮೇಲೆ ಹೋಗಲೇ ಇಲ್ಲ, ಆದರೂ ಹೆಡ್ ಹೋಯಿತು" ಎಂದು ಹೇಳುವವರ ಮಾತು ಸುಳ್ಳಾಗಿರಬೇಕಿಲ್ಲ.

ಕಾರಿನ ಮೂತಿ ಮೇಲಾಗುವಂತೆ ಗ್ಯಾರೇಜಿನ ಎದುರಿನ ಏರಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಚ್ಚಳ ತೆರೆದಿಟ್ಟುಕೊಂಡೇ ಇಂಜಿನ್ ಚಾಲೂ ಮಾಡಿದೆವು. ಹೊಸ ಹೋಸನ್ನು ಬೆರಳುಗಳಿಂದ ಆಗಾಗ ಅದುಮಿದಾಗ ರೇಡಿಯೇಟರಿನ ಬಾಯಲ್ಲಿ ಗುಳ್ಳೆಗಳು ಬುಳಬುಳನೆ ಎದ್ದವು, ಮಟ್ಟ ಇಳಿಯಿತು, ಮತ್ತೆ ತುಂಬಿಸಿದೆವು. ಸುಮಾರು ಹತ್ತು ನಿಮಿಷದ ನಂತರ ಮೇಲಿನ ದೊಡ್ಡ ಹೋಸ್ ಒಮ್ಮೆಲೇ ಬಿಸಿಯಾಯಿತು, ಅಂದರೆ ಥರ್ಮೋಸ್ಟಾಟ್ ತೆರೆಯಿತು. ಮಟ್ಟ ಮತ್ತೆ ಇಳಿಯಿತು, ಮತ್ತೆ ತುಂಬಿಸಿದೆವು. ಗುಳ್ಳೆ ನಿಂತ ಮೇಲೆ ಮುಚ್ಚಳ ಹಾಕಿ, ಫ್ಯಾನ್ ತಾನಾಗಿ ತಿರುಗಿ ತಾನಾಗಿ ನಿಲ್ಲುವವರೆಗೆ ಕಾದೆವು. ಮರುದಿನ ಬೆಳಿಗ್ಗೆ ತಣ್ಣಗಿನ ಇಂಜಿನ್ನಿನಲ್ಲಿ ನೋಡಿದಾಗ ಡಬ್ಬಿಯ ನೀರು ಎರಡು ಬೆರಳಿನಷ್ಟು ಕಡಿಮೆಯಾಗಿತ್ತು, ಅಂದರೆ ಉಳಿದಿದ್ದ ಗಾಳಿ ಹೊರಹೋಗಿ ಆ ಜಾಗಕ್ಕೆ ನೀರು ಹೋಗಿತ್ತು. ಮೂರನೆಯ ದಿನದಿಂದ ಮಟ್ಟ ಅಲುಗಲಿಲ್ಲ. ಆ ಮೂರು ದಿನ ನಾನು ಊರಿನಿಂದ ಹತ್ತು ಕಿಲೋಮೀಟರಿಗಿಂತ ದೂರ ಹೋಗಲಿಲ್ಲ.

ಗ್ಯಾರೇಜಿಗೆ ಬಂದ ಇನ್ನೊಬ್ಬರು, ಹೀಟರೇ ಇಲ್ಲದ ಮೇಲೆ ಥರ್ಮೋಸ್ಟಾಟನ್ನೂ ತೆಗೆದುಬಿಟ್ಟರೆ ಇಂಜಿನ್ ತಣ್ಣಗಿರುತ್ತದೆ ಎಂದು ಸಲಹೆ ಕೊಟ್ಟರು. ನಮ್ಮಲ್ಲಿ ಬಹಳ ಬೇರೂರಿದ ನಂಬಿಕೆ ಇದು. ಥರ್ಮೋಸ್ಟಾಟ್ ತೆಗೆದ ಇಂಜಿನ್ ಮಲೆನಾಡಿನ ಮಳೆಯಲ್ಲಿ ಸರಿಯಾದ ಬಿಸಿಗೆ ಬರುವುದೇ ಇಲ್ಲ. ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಸವೆತ ಹೆಚ್ಚುತ್ತದೆ. ಒಂದು ಭಾಗ ಕೆಟ್ಟಿತೆಂದು ಸರಿಯಿರುವ ಇನ್ನೊಂದನ್ನು ಕಿತ್ತೊಗೆಯಲು ನಾನು ಒಪ್ಪಲಿಲ್ಲ, ಮೆಕ್ಯಾನಿಕ್ ಕೂಡ ಒಪ್ಪಲಿಲ್ಲ.

ಕಾರ್ಪೆಟ್ ಮತ್ತು ಅದರ ಕೆಳಗಿನ ದಪ್ಪ ಫೆಲ್ಟ್ ಎರಡನ್ನೂ ಬಿಚ್ಚಿ ಮನೆಗೆ ತಂದು, ಸೋಪಿನ ನೀರಿನಲ್ಲಿ ಮೂರು ಸಲ ತೊಳೆದು, ಅಡಿಕೆ ಒಣಗಿಸುವ ಗೂಡಿನ ಬೆಚ್ಚನೆಯಲ್ಲಿ ಒಂದು ವಾರ ಇಟ್ಟೆವು. ಗಾಜನ್ನು ಮೊದಲು ಸೋಪಿನಿಂದ, ಆಮೇಲೆ ಸ್ಪಿರಿಟ್‌ನಿಂದ ಒರೆಸಬೇಕಾಯಿತು. ಬೋಗುಣಿಯಲ್ಲಿದ್ದ ಹಳೆಯ ಕೂಲೆಂಟನ್ನು ಗ್ಯಾರೇಜಿನ ಅಂಗಳಕ್ಕೆ ಚೆಲ್ಲಲು ನಾನು ಬಿಡಲಿಲ್ಲ. ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುವುದರಿಂದ ನಾಯಿ, ಬೆಕ್ಕು, ದನಕರುಗಳು ಅದನ್ನು ನೆಕ್ಕುತ್ತವೆ. ದೇಹದೊಳಗೆ ಅದು ಆಕ್ಸಾಲಿಕ್ ಆಮ್ಲವಾಗಿ ಬದಲಾಗಿ, ಕ್ಯಾಲ್ಸಿಯಂ ಜೊತೆ ಸೇರಿ, ಹರಳುಗಳಾಗಿ ಮೂತ್ರಪಿಂಡವನ್ನು ಕೆಡಿಸುತ್ತದೆ. ಮನುಷ್ಯರಿಗೂ ಅಷ್ಟೇ ಅಪಾಯಕಾರಿ. ನಮ್ಮ ಮನೆಯ ನಾಯಿ ಕಾರಿನ ಕೆಳಗೇ ಮಲಗುವಂಥದ್ದು, ಆದ್ದರಿಂದ ಈ ವಿಷಯದಲ್ಲಿ ನನಗೆ ಯಾವ ಸಡಿಲಿಕೆಯೂ ಸಾಧ್ಯವಿರಲಿಲ್ಲ. ಮುಚ್ಚಳವಿರುವ ಕ್ಯಾನಿಗೆ ತುಂಬಿ, ವಿಷವೆಂದು ದೊಡ್ಡದಾಗಿ ಬರೆದು, ಗ್ಯಾರೇಜಿನ ಹಳೆ ಆಯಿಲ್ ಒಯ್ಯುವವರಿಗೆ ಬೇರೆಯಾಗಿಯೇ ಕೊಡಿಸಿದೆ.

ಹೀಟರ್ ಇಲ್ಲದ ನಾಲ್ಕು ತಿಂಗಳು ಹೇಗಿದ್ದವು ಎಂಬುದನ್ನೂ ಹೇಳಬೇಕು. ಬೆಂಗಳೂರಿನಲ್ಲೋ ದಾವಣಗೆರೆಯಲ್ಲೋ ಇರುವವರಿಗೆ ಹೀಟರ್ ಹೋದದ್ದು ವರ್ಷವಿಡೀ ತಿಳಿಯದೆ ಇರಬಹುದು. ಮಲೆನಾಡಿನಲ್ಲಿ ಹಾಗಲ್ಲ. ಮಳೆಯಲ್ಲಿ ಗಾಜಿನ ಮಸುಕು ತೆಗೆಯುವ ಸರಿಯಾದ ಕ್ರಮವೆಂದರೆ ಎ.ಸಿ.ಯನ್ನೂ ಹೀಟರನ್ನೂ ಒಟ್ಟಿಗೆ ಹಾಕುವುದು: ಕೂಲಿಂಗ್ ಕಾಯಿಲ್ ಗಾಳಿಯ ತೇವವನ್ನು ಹಿಂಡುತ್ತದೆ, ಹೀಟರ್ ಕಾಯಿಲ್ ಆ ಒಣ ಗಾಳಿಯನ್ನು ಬೆಚ್ಚಗೆ ಮಾಡುತ್ತದೆ, ಒಣಗಿದ ಬೆಚ್ಚನೆಯ ಗಾಳಿ ಗಾಜನ್ನು ಕ್ಷಣದಲ್ಲಿ ತಿಳಿಯಾಗಿಸುತ್ತದೆ. ಹೀಟರ್ ಇಲ್ಲದೆ ಎ.ಸಿ. ಒಂದನ್ನೇ ಹಾಕಿದರೆ ಒಳಮೈ ತಿಳಿಯಾಗುತ್ತದೆ, ಆದರೆ ಗಾಜೇ ತಣ್ಣಗಾಗಿ, ಹೊರಗಿನ ತೇವದ ಗಾಳಿ ಅದರ ಹೊರಮೈಯಲ್ಲಿ ಹನಿಗಟ್ಟುತ್ತದೆ. ವೈಪರ್ ಹಾಕಿದರೆ ಆ ಹನಿ ಹೋಗುತ್ತದೆ, ಮತ್ತೆ ಬರುತ್ತದೆ. ಮೂರು ಜನ ಒದ್ದೆ ಬಟ್ಟೆಯಲ್ಲಿ ಕಾರು ಹತ್ತಿದರೆ ಪಕ್ಕದ ಗಾಜುಗಳನ್ನು ಎರಡು ಬೆರಳಿನಷ್ಟು ಇಳಿಸಿಕೊಂಡೇ ಹೋಗಬೇಕಾಗುತ್ತಿತ್ತು. ಆಗಸ್ಟ್ ತಿಂಗಳಿಡೀ ನಾನು ಕತ್ತಲಾದ ಮೇಲೆ ಘಾಟಿಯ ಕಡೆ ಕಾರು ತೆಗೆಯಲಿಲ್ಲ. ಹಿಮ ಬೀಳುವ ನಾಡುಗಳಲ್ಲಿರುವ ನಮ್ಮವರು ಈ ಉಪಾಯವನ್ನು ಚಳಿಗಾಲಕ್ಕೆ ಮಾಡಿಕೊಳ್ಳಲೇಬಾರದು. ಅಲ್ಲಿ ಗಾಜಿನ ಮೇಲಿನ ಹಿಮ ಕರಗಿಸುವುದೂ ಒಳಗಿನವರನ್ನು ಚಳಿಯಿಂದ ಕಾಪಾಡುವುದೂ ಇದೇ ಕಾಯಿಲಿನ ಕೆಲಸ.

ಇನ್ನೊಂದು ನಷ್ಟ ಯಾರ ಗಮನಕ್ಕೂ ಬರುವುದಿಲ್ಲ. ಘಾಟಿ ಹತ್ತುವಾಗ ಇಂಜಿನ್ ಕಾಯತೊಡಗಿದರೆ ಎ.ಸಿ. ಆರಿಸಿ, ಹೀಟರನ್ನು ಪೂರ್ತಿ ತೆರೆದು, ಬ್ಲೋವರನ್ನು ಜೋರಾಗಿ ಹಾಕಿ, ಕಿಟಕಿ ಇಳಿಸಿಕೊಂಡು ಹೋಗುವುದು ಹಳೆಯ ಚಾಲಕರಿಗೆಲ್ಲ ಗೊತ್ತಿರುವ ಉಪಾಯ. ಆಗ ಹೀಟರ್ ಕಾಯಿಲ್ ಎರಡನೆಯ ರೇಡಿಯೇಟರಿನಂತೆ ಶಾಖವನ್ನು ಹೊರಹಾಕುತ್ತದೆ. ದಾರಿ ತಪ್ಪಿಸಿದ ಕಾರಿನಲ್ಲಿ ಆ ಆಸರೆ ಇಲ್ಲ. ಈ ಒಂದೇ ಕಾರಣಕ್ಕೆ, ಬೇಸಿಗೆ ಬರುವ ಮೊದಲು ಹೊಸ ಕಾಯಿಲ್ ಹಾಕಿಸಲೇಬೇಕೆಂದು ದಿನಾಂಕ ನಿಗದಿ ಮಾಡಿ, ಜೋಡಿಸಿದ ದಿನವನ್ನೂ ಬಿಚ್ಚಬೇಕಾದ ದಿನವನ್ನೂ ಒಂದು ಕಾಗದದಲ್ಲಿ ಬರೆದು ಬಾನೆಟ್ಟಿನ ಒಳಮೈಗೆ ಅಂಟಿಸಿದ್ದೆ. ತಾತ್ಕಾಲಿಕವಾಗಿ ಮಾಡಿದ್ದು ಹತ್ತು ವರ್ಷ ಹಾಗೆಯೇ ಉಳಿದಿರುವ ಕಾರುಗಳು ಎಷ್ಟೋ ಇವೆ. ಮುಂದೆ ಅದನ್ನು ಕೊಂಡವರಿಗೆ ಹೀಟರ್ ಏಕೆ ಇಲ್ಲ ಎಂಬುದೇ ತಿಳಿಯುವುದಿಲ್ಲ.

ಪಾರ್ಟ್ ಸಿಕ್ಕಿದ್ದು ಅಕ್ಟೋಬರಿನಲ್ಲಿ. ಜೆ.ಸಿ. ರಸ್ತೆಯ ಒಂದು ಅಂಗಡಿಯವರು ಮೂರು ವಾರ ಹುಡುಕಿ ತರಿಸಿಕೊಟ್ಟರು. ಗುಜರಿಯಿಂದ ಹಳೆಯ ಕಾಯಿಲ್ ತರಬಹುದಿತ್ತು, ಆದರೆ ಅಷ್ಟೇ ವಯಸ್ಸಾದ ಇನ್ನೊಂದನ್ನು ಹಾಕಲು ಡ್ಯಾಶ್‌ಬೋರ್ಡ್ ಇಳಿಸುವುದು ನನಗೆ ಸರಿಕಾಣಲಿಲ್ಲ. ನವೆಂಬರಿನ ಎರಡು ಒಣ ದಿನಗಳಲ್ಲಿ ಕೆಲಸ ಮುಗಿಯಿತು. ಪ್ಲಾಸ್ಟಿಕ್ಕಿನ ಕೊಂಡಿಗಳು ಐದೋ ಆರೋ ಮುರಿದವು, ಅದು ಮೆಕ್ಯಾನಿಕ್ ಮೊದಲೇ ಹೇಳಿದ್ದೇ. ಡ್ಯಾಶ್‌ಬೋರ್ಡ್ ಇಳಿದಿರುವಾಗಲೇ ಎ.ಸಿ.ಯ ನೀರಿನ ಕೊಳವೆಯನ್ನು ತೊಳೆಸಿ, ಬ್ಲೋವರಿನ ಬೇರಿಂಗಿಗೆ ಗ್ರೀಸ್ ಹಾಕಿಸಿದೆ.

ತೆಗೆದ ಹಳೆಯ ಕಾಯಿಲನ್ನು ಹ್ಯಾಕ್‌ಸಾ ಬ್ಲೇಡಿನಿಂದ ಕೊಯ್ದು ನೋಡಿದೆವು. ಕೊಳವೆಗಳಲ್ಲಿ ಮೂರನೆಯ ಒಂದು ಭಾಗದಷ್ಟು ಬಿಳಿಯ ಗಾರೆಯಂಥ ಗಟ್ಟಿಯಿಂದ ಕಟ್ಟಿಹೋಗಿದ್ದವು, ಮತ್ತು ಅದರ ಮೇಲೆ ಅಲ್ಲಲ್ಲಿ ಹಳದಿ ಪದರವಿತ್ತು. ಬಹಳ ಹಿಂದೆ, ಅಪ್ಪನ ಕಾಲದಲ್ಲಿ, ಯಾರೋ ಅರಿಶಿನ ಹಾಕಿದ್ದಿರಬೇಕು. ಬಿಳಿಯದ್ದು ಬೋರ್‌ವೆಲ್ ನೀರಿನದು. ಕಾರು ಮೊದಲ ಹತ್ತು ವರ್ಷ ಬೆಂಗಳೂರಿನಲ್ಲಿತ್ತು, ಅಲ್ಲಿ ರೇಡಿಯೇಟರಿಗೆ ಹೊಯ್ಯುತ್ತಿದ್ದದ್ದು ಮನೆಯ ಕೊಳವೆಬಾವಿಯ ಗಡಸು ನೀರನ್ನು. ನಮ್ಮ ಹವೆಯಲ್ಲಿ ನೀರು ಹೆಪ್ಪುಗಟ್ಟುವ ಭಯವಿಲ್ಲ, ಆದ್ದರಿಂದ ಕೂಲೆಂಟ್ ದಂಡದ ಖರ್ಚು ಎಂಬ ಮಾತನ್ನು ನಾನು ಚಿಕ್ಕಂದಿನಿಂದ ಕೇಳಿದ್ದೇನೆ. ಆದರೆ ಕೂಲೆಂಟಿನಲ್ಲಿರುವ ಸವೆತನಿರೋಧಕ ರಾಸಾಯನಿಕಗಳೇ ಒಳಗಿನ ಲೋಹವನ್ನು ಕಾಯುವುದು. ಹಳೆಯ ಹಸಿರು ಕೂಲೆಂಟುಗಳಲ್ಲಿ ಅವು ಎರಡು ವರ್ಷದ ಹೊತ್ತಿಗೆ ಬಹುಮಟ್ಟಿಗೆ ಮುಗಿದಿರುತ್ತವೆ. ಅರ್ಧಕ್ಕರ್ಧ ಬೆರೆಸಿದ ಕೂಲೆಂಟ್ ತೆರೆದ ಪಾತ್ರೆಯಲ್ಲೇ ಸುಮಾರು 107 ಡಿಗ್ರಿಗೆ ಕುದಿಯುತ್ತದೆ, 0.9 ಬಾರ್ ಮುಚ್ಚಳದ ಕೆಳಗೆ 125 ಡಿಗ್ರಿಯ ಆಸುಪಾಸಿನವರೆಗೆ ತಡೆಯುತ್ತದೆ. ಘಾಟಿ ಹತ್ತುವ ಕಾರಿಗೆ ಆ ಹೆಚ್ಚುವರಿ ಅಂತರ ಬೇಕು. ಈಗ ನಾನು ಬೆರೆಸುವುದು ಬ್ಯಾಟರಿಗೆ ಹಾಕುವ ಶುದ್ಧ ನೀರನ್ನು ಮಾತ್ರ.

ಹೊಸ ಕಾಯಿಲ್ ಹಾಕುವ ಮೊದಲು ಇನ್ನೊಂದು ಪರೀಕ್ಷೆ ಮಾಡಿದೆವು: ಮಲ್ಟಿಮೀಟರಿನ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದನ್ನು ರೇಡಿಯೇಟರಿನ ಬಾಯಿಯ ನೀರಿಗೆ, ಲೋಹ ಮುಟ್ಟದಂತೆ ಹಿಡಿದು ನೋಡುವುದು. 0.3 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಕೂಲೆಂಟ್ ಹಳತಾಗಿದೆ ಅಥವಾ ಎಲ್ಲೋ ಅರ್ಥಿಂಗ್ ಸಡಿಲವಾಗಿದೆ ಎಂದು ಅನುಮಾನಿಸಬೇಕು, ಏಕೆಂದರೆ ದಾರಿ ತಪ್ಪಿದ ವಿದ್ಯುತ್ತು ನೀರಿನ ಮೂಲಕ ಹರಿದು ತೆಳುವಾದ ಕೊಳವೆಗಳನ್ನು ಒಳಗಿನಿಂದ ತಿನ್ನುತ್ತದೆ. ನಮ್ಮಲ್ಲಿ 0.5 ತೋರಿಸಿತು. ಗೇರ್‌ಬಾಕ್ಸಿನಿಂದ ಬಾಡಿಗೆ ಹೋಗುವ ಅರ್ಥಿಂಗ್ ಪಟ್ಟಿಯ ತುದಿ ಹಸಿರುಗಟ್ಟಿತ್ತು. ಉಜ್ಜಿ ಬಿಗಿಸಿ, ಕೂಲೆಂಟ್ ಪೂರ್ತಿ ಬದಲಾಯಿಸಿದ ಮೇಲೆ 0.1ಕ್ಕೆ ಇಳಿಯಿತು. ಇದನ್ನು ನೋಡದೆ ಹೊಸ ಕಾಯಿಲ್ ಹಾಕಿದ್ದರೆ ಅದೂ ಕೆಲವೇ ವರ್ಷಗಳಲ್ಲಿ ತೂತಾಗುತ್ತಿತ್ತು ಎಂದು ಮೆಕ್ಯಾನಿಕ್ ಹೇಳಿದರು, ನನಗೂ ಹಾಗೆಯೇ ಅನ್ನಿಸುತ್ತದೆ.

ಬಿಚ್ಚಿದ ಆ ಒಂದು ತುಂಡು ಹೋಸನ್ನೂ ಎರಡು ಕ್ಲಿಪ್ಪುಗಳನ್ನೂ ತೊಳೆದು ಒಣಗಿಸಿ, ಒಂದು ಸ್ಕ್ರೂಡ್ರೈವರ್ ಜೊತೆಗೆ ಬಟ್ಟೆಯಲ್ಲಿ ಸುತ್ತಿ ಡಿಕ್ಕಿಯಲ್ಲಿ ಸ್ಟೆಪ್ನಿಯ ಪಕ್ಕಕ್ಕೆ ಇಟ್ಟಿದ್ದೇನೆ. ಡಿಸೆಂಬರಿನಲ್ಲಿ ಅಮ್ಮನೊಂದಿಗೆ ಮತ್ತೆ ಉಡುಪಿಗೆ ಹೊರಟಾಗ ಆಗುಂಬೆಯಲ್ಲಿ ಬೆಳಗಿನ ಮಂಜು ಇತ್ತು. ಎ.ಸಿ., ಹೀಟರ್ ಎರಡನ್ನೂ ಹಾಕಿದೆ. ಗಾಜು ಕೆಳಗಿನ ಅಂಚಿನಿಂದ ಮೇಲಕ್ಕೆ ನಿಧಾನವಾಗಿ ತಿಳಿಯಾಯಿತು. ಅಮ್ಮ ಬಗ್ಗಿ ಕಾಲಡಿಯ ಕಾರ್ಪೆಟ್ಟನ್ನು ಕೈಯಿಂದ ಮುಟ್ಟಿ ನೋಡಿ, "ಒಣಗಿಯೇ ಇದೆ" ಎಂದರು. ಮೊದಲ ತಿರುವಿಗೆ ಎರಡನೆಯ ಗೇರ್ ಹಾಕಿ ಘಾಟಿ ಇಳಿಯತೊಡಗಿದೆವು.